ಒಂದು ಬ್ಯಾಚಿನ ಮರುಪರೀಕ್ಷೆ

ನನ್ನ ಗಂಡ ಗಂಗಾಧರ ತಮ್ಮ ಬನಿಯನ್ನನ್ನು ತಾವೇ ಒಗೆಯಲು ಶುರುಮಾಡಿದ ದಿನವೇ ನನಗೆ ಅನುಮಾನ ಬಂತು. ಮದುವೆಯಾದಂದಿನಿಂದ ಒಂದು ಕರ್ಚೀಫನ್ನೂ ನೀರಿಗೆ ತೋರಿಸದ ಮನುಷ್ಯ ಇವರು. ಈಗ ನಾನು ಏಳುವ ಮೊದಲೇ ಬಾತ್‌ರೂಮಿನಲ್ಲಿ ಬಕೆಟ್ಟಿನ ಸದ್ದು. ಕೇಳಿದರೆ, “ವಾಷಿಂಗ್ ಮೆಷಿನ್‌ಗೆ ಹಾಕಿದ್ರೆ ಎಲಾಸ್ಟಿಕ್ ಹಾಳಾಗುತ್ತೆ ಕಣೇ,” ಎಂದರು. ಬನಿಯನ್ನಿಗೆ ಎಲಾಸ್ಟಿಕ್ ಎಲ್ಲಿಂದ ಬಂತು ಎಂದಿದ್ದಕ್ಕೆ ನಲ್ಲಿಯನ್ನು ಇನ್ನಷ್ಟು ಜೋರಾಗಿ ತಿರುಗಿಸಿದರು. ಔಷಧಿ ಕಾರ್ಖಾನೆಯಲ್ಲಿ ಕ್ವಾಲಿಟಿ ಕಂಟ್ರೋಲ್ ಮುಖ್ಯಸ್ಥರು. ಹೇಳುವ ಸುಳ್ಳಿನಲ್ಲಿ ಮಾತ್ರ ಯಾವ ಕ್ವಾಲಿಟಿಯೂ ಇಲ್ಲ.

ಅದು ಎರಡು ಸಾವಿರದ ಹದಿನಾಲ್ಕರ ಆಗಸ್ಟ್. ಉಪಾಕರ್ಮ ಬಂತು. ವರ್ಷಕ್ಕೊಮ್ಮೆ ಜನಿವಾರ ಬದಲಿಸುವ ಆ ದಿನ ನೈರೋಬಿಯಲ್ಲಿರುವ ನಮ್ಮ ಕಡೆಯ ಗಂಡಸರೆಲ್ಲ ಕಿಲೆಲೆಶ್ವಾ ಬಡಾವಣೆಯಲ್ಲಿ ದ್ವಾರಕಾನಾಥ್ ಅವರ ಅಪಾರ್ಟ್‌ಮೆಂಟಿನ ತಾರಸಿಯಲ್ಲಿ ಸೇರುತ್ತಾರೆ. ಆಗಸ್ಟ್ ಎಂದರೆ ಇಲ್ಲಿ ಚಳಿ. ಬ್ಯಾಂಕಿನವರು, ಸಾಫ್ಟ್‌ವೇರಿನವರು, ಕಾರ್ಖಾನೆ ಮ್ಯಾನೇಜರುಗಳು ಪಂಚೆ ಉಟ್ಟು ಬರಿಮೈಯಲ್ಲಿ ನಡುಗುತ್ತ ಸಾಲಾಗಿ ಕೂರುತ್ತಾರೆ. ನಾವು ಹೆಂಗಸರು ಶಾಲು ಹೊದ್ದು, ಕಾಫಿ ಕುಡಿಯುತ್ತ, ಎದುರಿಗೆ ಸಾಲುಗಟ್ಟಿದ ಹೊಟ್ಟೆಗಳನ್ನು ನೋಡುತ್ತೇವೆ. ಪರದೇಶದಲ್ಲಿ ನಮಗಿರುವ ಕೆಲವೇ ಮನರಂಜನೆಗಳಲ್ಲಿ ಅದೊಂದು.

ದ್ವಾರಕಾನಾಥ್ ವಾರವೆಲ್ಲ ಒಂದು ಟೆಲಿಕಾಂ ಕಂಪನಿಯಲ್ಲಿ ಟವರ್‌ಗಳ ಉಸ್ತುವಾರಿ ನೋಡುವವರು. ಅಜ್ಜನಿಂದ ಕಲಿತ ಮಂತ್ರ ಬಾಯಲ್ಲಿ ನಿಂತಿದ್ದರಿಂದ ನಮಗೆಲ್ಲ ಶಾಸ್ತ್ರಿಗಳಾದರು. ದಕ್ಷಿಣೆ ಮುಟ್ಟುವುದಿಲ್ಲ, ಗದರುವ ಹಕ್ಕನ್ನು ಮಾತ್ರ ಬಿಡುವುದಿಲ್ಲ. ಅವರ ದೊಡ್ಡ ಹುಚ್ಚು ಎಂದರೆ ರಾಹುಕಾಲ. ದಿನದಲ್ಲಿ ಕೆಟ್ಟದ್ದೆಂದು ಎಣಿಸುವ ಆ ಒಂದೂವರೆ ಗಂಟೆಯಲ್ಲಿ ಅವರು ಹೊಸ ಕೆಲಸಕ್ಕೆ ಕೈ ಹಾಕುವುದಿಲ್ಲ, ಕಾರಿನ ಕೀ ತಿರುಗಿಸುವುದಿಲ್ಲ. “ಬೆಂಗಳೂರಲ್ಲಿ ಸೂರ್ಯ ತಿಂಗಳಿಗೊಂದು ಟೈಮಿಗೆ ಹುಟ್ತಾನೆ, ಲೆಕ್ಕ ತಪ್ಪುತ್ತೆ. ಇಲ್ಲಿ ಈಕ್ವೇಟರ್ ಪಕ್ಕ ವರ್ಷವೆಲ್ಲ ಹೆಚ್ಚುಕಡಿಮೆ ಒಂದೇ ಟೈಮು. ರಾಹುಕಾಲ ಪಾಲಿಸೋಕೆ ಇದಕ್ಕಿಂತ ಒಳ್ಳೆ ದೇಶ ಇಲ್ಲ,” ಎಂದು ಹೊಸದಾಗಿ ಬಂದವರಿಗೆಲ್ಲ ಹೇಳುತ್ತಾರೆ. ಕೀನ್ಯಾವನ್ನು ಇದಕ್ಕಾಗಿ ಹೊಗಳಿದವರು ಬೇರೆ ಯಾರೂ ಇರಲಾರರು.

ಆ ದಿನ ಸಾಲಿನಲ್ಲಿ ನನ್ನ ಗಂಡ ಒಬ್ಬರೇ ಬನಿಯನ್ ಹಾಕಿಕೊಂಡು ಕೂತಿದ್ದರು.

“ಗಂಗಾಧರ್, ಬನಿಯನ್ ತೆಗೀರಿ,” ಎಂದರು ಶಾಸ್ತ್ರಿಗಳು.

“ಸ್ವಲ್ಪ ಚಳಿ.”

“ಚಳಿ ಎಲ್ಲರಿಗೂ ಇದೆ. ಜನಿವಾರಾನ ಬನಿಯನ್ ಮೇಲೆ ಹಾಕ್ಕೊಳ್ತೀರಾ?”

ಎಲ್ಲರೂ ನಕ್ಕರು. ಇವರು ಬೇರೆ ದಾರಿ ಕಾಣದೆ ತೆಗೆದು, ತಟ್ಟನೆ ಕೈಯನ್ನು ಎದೆಗೆ ಅಡ್ಡ ಇಟ್ಟುಕೊಂಡರು. ಆದರೆ ಸಂಕಲ್ಪ ಹೇಳುವಾಗ ಎರಡೂ ಕೈ ತೊಡೆಯ ಮೇಲೆ ಬರಲೇಬೇಕು. ಕೈ ಇಳಿಯಿತು. ಕಾಫಿ ಲೋಟ ಹಿಡಿದು ಎದುರಿಗೇ ಕೂತಿದ್ದ ನಾನು ನೋಡಿದೆ. ಎಡ ಮೊಲೆತೊಟ್ಟು ಯಾರೋ ಒಳಗಿನಿಂದ ದಾರ ಕಟ್ಟಿ ಎಳೆದ ಹಾಗೆ ಒಳಸೇರಿತ್ತು. ಪಕ್ಕದಲ್ಲಿ ಮಡಿಸಿಟ್ಟ ಬನಿಯನ್ನಿನ ಮೇಲೆ ಕಡಲೆಬೇಳೆಯಷ್ಟು ಕಂದು ಕಲೆ. ಬಕೆಟ್ಟಿನ ಸದ್ದು ಯಾಕೆಂದು ಆಗ ತಿಳಿಯಿತು. ಕಾಫಿಯನ್ನು ಅರ್ಧಕ್ಕೇ ಕೆಳಗಿಟ್ಟೆ.

ಊಟ ಮುಗಿಸಿ ಕಾರು ಹತ್ತುವವರೆಗೆ ತಡೆದುಕೊಂಡೆ. ಹತ್ತಿದ ಮೇಲೆ ತಡೆದುಕೊಳ್ಳಲಿಲ್ಲ.

“ಎಷ್ಟು ದಿನದಿಂದ ಇದೆ ಇದು?”

“ಏನಿಲ್ಲ ಮೈಥಿಲಿ. ಬಟ್ಟೆ ಉಜ್ಜಿ ಗಾಯ ಆಗಿದೆ ಅಷ್ಟೆ. ಗಂಡಸರಿಗೆ ಅಲ್ಲೇನು ಬರುತ್ತೆ?”

“ಫ್ಯಾಕ್ಟರೀಲಿ ಒಂದು ಮಾತ್ರೆ ಮೇಲೆ ಚುಕ್ಕೆ ಕಂಡ್ರೆ ಮೆಷಿನ್ ನಿಲ್ಲಿಸ್ತೀರಿ. ಸ್ವಂತ ಎದೆ ಮೇಲೆ ಕಂಡ್ರೆ ಬಕೆಟ್ಟಾ?”

ಹಿಂದಿನ ಸೀಟಿನಲ್ಲಿದ್ದ ಮಗಳು ಅನಘಾ ಕಿವಿಯಿಂದ ಇಯರ್‌ಫೋನ್ ತೆಗೆದಳು. ಅವಳು ನೈರೋಬಿಯಲ್ಲೇ ಬೆಳೆದವಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. “ಅಪ್ಪಾ, ಮೆನ್ ಕ್ಯಾನ್ ಗೆಟ್ ಇಟ್ ಟೂ,” ಎಂದಳು. ಆ ಕಾಯಿಲೆ ಗಂಡಸರಿಗೂ ಬರಬಹುದು ಎಂದು. ಮಟಾಟು ಮಿನಿಬಸ್ಸೊಂದು ಅಡ್ಡ ನುಗ್ಗಿದರೂ ಇವರು ಹಾರ್ನ್ ಹೊಡೆಯಲಿಲ್ಲ.

ಕ್ಯಾನ್ಸರ್ ತಜ್ಞೆ ಡಾಕ್ಟರ್ ಅಕಿನ್ಯಿ ನನ್ನದೇ ವಯಸ್ಸಿನವರು, ಮಾತು ಕಡಿಮೆ. ಮುಟ್ಟಿ ನೋಡಿ, ಒಳಗೆ ಸಿಕ್ಕ ಗಂಟಿನಿಂದ ದಪ್ಪ ಸೂಜಿಯಲ್ಲಿ ಎಳೆಯಷ್ಟು ತುಣುಕುಗಳನ್ನು ತೆಗೆದು, ನಮ್ಮೆದುರಿಗೇ ಫಾರ್ಮಲಿನ್ ತುಂಬಿದ ಪುಟ್ಟ ಬಾಟಲಿಗೆ ಹಾಕಿದರು. ಮಾಂಸ ಕೆಡದಂತೆ ಹಿಡಿದಿಡುವ ದ್ರವ ಅದು. ಮೇಜಿನ ಮೇಲೆ ಮಲಗಿದ್ದ ನನ್ನ ಗಂಡ ಕತ್ತು ತಿರುಗಿಸಿ ಬಾಟಲಿಯ ಲೇಬಲ್ ಓದಿದರು. “ಎಕ್ಸ್‌ಪೈರಿ ಡೇಟ್ ಸರಿಯಾಗಿದೆ,” ಎಂದು ನನಗೆ ಧೈರ್ಯ ಹೇಳಿದರು. ಅಳಬೇಕೋ ನಗಬೇಕೋ ನನಗೆ ತಿಳಿಯಲಿಲ್ಲ.

ಕ್ಯಾನ್ಸರ್ ಹೌದು ಎಂದು ಬಂತು. ಡಾಕ್ಟರ್ ನಮ್ಮಿಬ್ಬರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದರು. ಗಂಡಸರಿಗೆ ಸ್ತನ ಕ್ಯಾನ್ಸರ್ ಬರುವುದು ಅಪರೂಪ. ಬಂದರೆ ಹೆಚ್ಚುಕಡಿಮೆ ಹತ್ತರಲ್ಲಿ ಒಂಬತ್ತು ಜನರ ಗಂಟು ಹಾರ್ಮೋನನ್ನು ನೆಚ್ಚಿಕೊಂಡು ಬೆಳೆಯುವಂಥದ್ದು. ಅದರ ಜೀವಕೋಶಗಳಲ್ಲಿ ಹಾರ್ಮೋನನ್ನು ಹಿಡಿಯುವ ಕೊಂಡಿಗಳಿರುತ್ತವೆ. ಕೊಂಡಿ ಇದ್ದರೆ ದಿನಕ್ಕೊಂದು ಮಾತ್ರೆ ನುಂಗಿ ಅದನ್ನು ಮುಚ್ಚಿಬಿಡಬಹುದು, ವರ್ಷಗಟ್ಟಲೆ ನೆಮ್ಮದಿಯಾಗಿರಬಹುದು. ಕೊಂಡಿ ಇಲ್ಲದಿದ್ದರೆ ಮಾತ್ರೆಯಿಂದ ಉಪಯೋಗವಿಲ್ಲ. ಕಠಿಣವಾದ ಕಿಮೋ ಬೇಕು, ಕಾಯಿಲೆ ಮರಳುವ ಭಯವೂ ಹೆಚ್ಚು. ಯಾವುದು ಎಂದು ಹೇಳುವುದು ಆಪರೇಷನ್ನಿನಲ್ಲಿ ತೆಗೆದ ಗಂಟಿನ ಪರೀಕ್ಷೆ. ಅದರ ತೆಳುವಾದ ಪದರವನ್ನು ಗಾಜಿನ ಪಟ್ಟಿಯ ಮೇಲಿಟ್ಟು ಬಣ್ಣ ಹಾಕಿದರೆ, ಕೊಂಡಿ ಇರುವ ಜೀವಕೋಶಗಳು ಮಾತ್ರ ಕಂದಾಗುತ್ತವೆ. ಇದರ ಜೊತೆಗೆ ರಕ್ತವನ್ನು ಜೀನ್ ಪರೀಕ್ಷೆಗೆಂದು ಹೊರದೇಶಕ್ಕೆ ಕಳಿಸಿದರು. ವಂಶದಲ್ಲಿ ಇಳಿದು ಬಂದ ದೋಷವಿದ್ದರೆ ಅದು ಅನಘಾಳಿಗೂ ಸಂಬಂಧಪಟ್ಟ ವಿಷಯ.

ಒಂದು ಶುಕ್ರವಾರ ಬೆಳಿಗ್ಗೆ ಸಣ್ಣ ನರ್ಸಿಂಗ್ ಹೋಮಿನಲ್ಲಿ ಆಪರೇಷನ್ ಆಯಿತು. ಎಡ ಎದೆಯನ್ನು ಪೂರ್ತಿ ತೆಗೆದರು. ಕಂಕುಳಿನ ಗ್ರಂಥಿಗಳಿಗೆ ಕಾಯಿಲೆ ಹಬ್ಬಿಲ್ಲ ಎಂದದ್ದೇ ಆ ದಿನದ ಸಮಾಧಾನ. ಪರೀಕ್ಷೆಯ ಲ್ಯಾಬ್ ಇದ್ದದ್ದು ಪೇಟೆಯ ಆ ತುದಿಯಲ್ಲಿ. ಇಲ್ಲಿ ಎಷ್ಟೋ ಕಡೆ ಇರುವ ಹಾಗೆ, ತೆಗೆದ ಗಂಟನ್ನು ರೋಗಿಯ ಕಡೆಯವರೇ ಕೊಂಡೊಯ್ಯಬೇಕು. ಅಂದು ಅವರಲ್ಲಿ ಫಾರ್ಮಲಿನ್ ಮುಗಿದಿತ್ತಂತೆ. ಗಂಟನ್ನು ಉಪ್ಪುನೀರಿನ ಡಬ್ಬಿಯಲ್ಲಿ ಹಾಕಿ, ತಲುಪಿದ ಕೂಡಲೇ ಲ್ಯಾಬಿನವರು ಬದಲಿಸುತ್ತಾರೆ ಎಂದರು. ನಾನು ಥಿಯೇಟರಿನ ಬಾಗಿಲು ಬಿಟ್ಟು ಕದಲುವ ಸ್ಥಿತಿಯಲ್ಲಿರಲಿಲ್ಲ. ಬೆಳಗಿನಿಂದ ಜೊತೆಗಿದ್ದ ದ್ವಾರಕಾನಾಥ್, “ಅಮ್ಮಾ, ನೀವು ಇಲ್ಲೇ ಇರಿ. ನಾನು ಕೊಟ್ಟು ಬರ್ತೀನಿ,” ಎಂದು ಡಬ್ಬಿ ಹಿಡಿದರು. ನರ್ಸ್, “ಹರಾಕಾ, ಮ್ಝೆ,” ಎಂದಳು. ಬೇಗ ಹೋಗಿ, ಯಜಮಾನರೇ ಎಂದು. ಆ ಹೊತ್ತಿಗೆ ಅವರು ನನಗೆ ದೇವರ ಹಾಗೆ ಕಂಡರು.

ರಿಪೋರ್ಟ್ ಬಂತು. ಕೊಂಡಿಗಳು ಇಲ್ಲ. ಒಂದೂ ಇಲ್ಲ.

ಕಿಮೋ ಬೇಗ ಶುರುಮಾಡೋಣ ಎಂದರು ಡಾಕ್ಟರ್. ಮುಖದಲ್ಲಿ ಏನನ್ನೂ ತೋರಿಸದಿರಲು ಅವರು ಪಡುತ್ತಿದ್ದ ಕಷ್ಟವೇ ನನಗೆಲ್ಲ ಹೇಳಿತು. ಮನೆಗೆ ಬಂದು ಅಡುಗೆಮನೆಯ ಬಾಗಿಲು ಹಾಕಿಕೊಂಡು ಅತ್ತೆ. ಹೊರಗೆ ಬಂದರೆ ನನ್ನ ಗಂಡ ಊಟದ ಮೇಜಿನ ಮೇಲೆ ರಿಪೋರ್ಟ್ ಹರಡಿಕೊಂಡು, ಕನ್ನಡಕ ಮೂಗಿನ ತುದಿಗೆ ತಂದು ಕೂತಿದ್ದರು. ಆ ಮುಖ ನನಗೆ ಗೊತ್ತು. ಕಾರ್ಖಾನೆಯಲ್ಲಿ ಒಂದು ಬ್ಯಾಚ್ ಫೇಲ್ ಆದಾಗಿನ ಮುಖ ಅದು.

“ಹತ್ತರಲ್ಲಿ ಒಂಬತ್ತು ಪಾಸಿಟಿವ್ ಬರಬೇಕು. ನಂದು ನೆಗೆಟಿವ್,” ಎಂದರು. “ನಮ್ಮಲ್ಲಿ ಇಂಥ ರಿಸಲ್ಟ್ ಬಂದ್ರೆ ಬ್ಯಾಚ್‌ನ ಎಸೆಯಲ್ಲ. ಮೊದಲು ಸ್ಯಾಂಪಲ್ ಹೇಗೆ ತೆಗೆದ್ರು, ಎಲ್ಲಿಟ್ರು, ಯಾರು ತಂದ್ರು ಅಂತ ಹಿಂದಕ್ಕೆ ನಡೀತೀವಿ.”

“ರೀ, ನೀವು ಬ್ಯಾಚ್ ಅಲ್ಲ.”

“ಬ್ಯಾಚಿಗೆ ಅಷ್ಟು ಮರ್ಯಾದೆ ಕೊಡ್ತೀನಲ್ಲ, ನನಗೆ ಬೇಡ್ವಾ?”

ನನಗೆ ಸಿಟ್ಟು ನೆತ್ತಿಗೇರಿತು. ಹತ್ತರಲ್ಲಿ ಒಂಬತ್ತು ಎಂದರೆ ಒಬ್ಬರು ಉಳಿಯುತ್ತಾರಲ್ಲ. ಆ ಒಬ್ಬರು ಇವರೇ ಎಂದು ಒಪ್ಪಿಕೊಳ್ಳಲು ಇವರಿಗೆ ಆಗುತ್ತಿಲ್ಲ ಎಂದುಕೊಂಡೆ. ಬಕೆಟ್ಟಿನ ಕಾಲದಿಂದಲೂ ಇವರದು ಇದೇ ಕಥೆ. ದಿನ ಕಳೆದಷ್ಟೂ ಕಾಯಿಲೆಗೆ ಅನುಕೂಲ ಎಂದು ಕೂಗಾಡಿದೆ, ಚಿಕಿತ್ಸೆ ಶುರುಮಾಡದಿದ್ದರೆ ಬೆಂಗಳೂರಿಗೆ ಎಳೆದುಕೊಂಡು ಹೋಗುತ್ತೇನೆ ಎಂದು ಹೆದರಿಸಿದೆ. ಇವರು ಕೈ ಮೇಲೆತ್ತಲಾಗದ ನೋವಿನಲ್ಲೂ ನರ್ಸಿಂಗ್ ಹೋಮಿಗೆ ಫೋನು, ಲ್ಯಾಬಿಗೆ ಫೋನು. ಡಬ್ಬಿ ಲ್ಯಾಬಿಗೆ ಬಂದಾಗ ಊಟದ ಹೊತ್ತು ದಾಟಿತ್ತು ಎಂದು ಲ್ಯಾಬಿನವರು ಹೇಳಿದರು. ನರ್ಸಿಂಗ್ ಹೋಮಿನವರು ಕೊಟ್ಟದ್ದು ಬೆಳಿಗ್ಗೆ ಎಂದರು.

ಭಾನುವಾರ ದ್ವಾರಕಾನಾಥ್ ಪ್ರಸಾದ ಹಿಡಿದು ಬಂದರು. ಇವರು ಅವರನ್ನು ಸೋಫಾದಲ್ಲಿ ಕೂರಿಸಿ, ಕಾಫಿ ಬರುವ ಮೊದಲೇ ಶುರುಮಾಡಿದರು.

“ಶಾಸ್ತ್ರಿಗಳೇ, ಆ ಡಬ್ಬಿ ನಿಮ್ಮ ಕೈಗೆ ಬಂದಾಗಿಂದ ಲ್ಯಾಬ್ ಕೌಂಟರ್ ತನಕ ಏನೇನಾಯ್ತು, ಹೇಳಿ.”

“ಏನಾಗುತ್ತೆ? ತಗೊಂಡೆ, ಕೊಟ್ಟೆ.”

“ತಗೊಂಡ ತಕ್ಷಣ ಹೊರಟ್ರಾ?”

“ಟ್ರಾಫಿಕ್ ವಿಷಯ ನಿಮಗೇ ಗೊತ್ತಲ್ಲ.”

“ಟ್ರಾಫಿಕ್ ಆಮೇಲೆ. ಹೊರಟಿದ್ದು ಯಾವಾಗ? ಅವತ್ತು ಶುಕ್ರವಾರ. ಡಬ್ಬಿ ಕೈಗೆ ಬಂದಿದ್ದು ಹನ್ನೊಂದಕ್ಕೆ.”

ದ್ವಾರಕಾನಾಥ್ ಪ್ರಸಾದದ ಪೊಟ್ಟಣವನ್ನು ನೋಡುತ್ತ ಕೂತರು. ಜೋರು ಗಂಟಲಿನ ಆ ಮನುಷ್ಯನ ದನಿ ಇಷ್ಟು ಸಣ್ಣದಾಗಬಲ್ಲದು ಎಂದು ನನಗೆ ಗೊತ್ತಿರಲಿಲ್ಲ.

“ರಾಹುಕಾಲ ಶುರುವಾಗಿತ್ತು,” ಎಂದರು. “ನಿಮ್ಮ ಜೀವದ ಪ್ರಶ್ನೆ. ಅಂಥದ್ದನ್ನ ರಾಹುಕಾಲದಲ್ಲಿ ಹೊರಡಿಸೋಕೆ ನನಗೆ ಮನಸ್ಸು ಬರಲಿಲ್ಲ. ಮುಗಿಯೋ ತನಕ ಪಾರ್ಕಿಂಗ್‌ನಲ್ಲೇ ಕಾರಲ್ಲಿ ಕೂತು ನಿಮ್ಮ ಹೆಸರಲ್ಲಿ ಜಪ ಮಾಡ್ದೆ.”

“ಡಬ್ಬಿ ಎಲ್ಲಿತ್ತು?”

“ಡ್ಯಾಶ್‌ಬೋರ್ಡ್ ಮೇಲೆ.”

“ಬಿಸಿಲಿತ್ತಾ?”

“ಇತ್ತು.”

ನಾನು ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಆ ತಟ್ಟೆ ಅವರ ತಲೆಯ ಮೇಲೆ ಬೀಳದೆ ಮೇಜಿನ ಮೇಲೆ ಕೂತದ್ದು ಅವರ ಪುಣ್ಯ. “ಹಸಿ ಮಾಂಸಾನ ಬಿಸಿಲಲ್ಲಿಟ್ಟು ಜಪ ಮಾಡಿದ್ರಾ ಶಾಸ್ತ್ರಿಗಳೇ? ಇಡ್ಲಿ ಹಿಟ್ಟು ಕೂಡ ಆ ಬಿಸಿಲಲ್ಲಿ ಹುಳಿ ಬರುತ್ತೆ,” ಎಂದೆ. ಇನ್ನೂ ಏನೇನೋ ಬಾಯಿಗೆ ಬರುವುದರಲ್ಲಿತ್ತು. ಅಷ್ಟರಲ್ಲಿ ನನ್ನ ಗಂಡ ನಗಲು ಶುರುಮಾಡಿದರು. ಹೊಲಿಗೆ ಎಳೆಯುತ್ತಿದ್ದರೂ ಬಿಡದೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಎದ್ದು, ಒಂದೇ ಕೈಯಲ್ಲಿ ದ್ವಾರಕಾನಾಥರನ್ನು ತಬ್ಬಿಕೊಂಡರು.

“ಬೈಬೇಡ ಕಣೇ ಮೈಥಿಲಿ. ಸ್ಯಾಂಪಲ್ ಕೆಟ್ಟಿದ್ರೆ ರಿಪೋರ್ಟೂ ಕೆಟ್ಟಿದೆ. ಇದಕ್ಕಿಂತ ಒಳ್ಳೆ ಸುದ್ದಿ ಬೇಕಾ?”

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಕಾಫಿ ಲೋಟವನ್ನು ದ್ವಾರಕಾನಾಥರ ಕೈಗೇ ಕೊಟ್ಟೆ. ಪಾಪ, ದ್ವಾರಕಾನಾಥ್ ಮಾತ್ರ ತಾನು ಮಾಡಿದ್ದು ಪಾಪವೋ ಪುಣ್ಯವೋ ತಿಳಿಯದೆ ಇಬ್ಬರ ಮುಖವನ್ನೂ ನೋಡುತ್ತಿದ್ದರು.

ಮರುದಿನ ಮೂವರೂ ಡಾಕ್ಟರ್ ಅಕಿನ್ಯಿಯವರ ಮುಂದೆ ಕೂತೆವು. ದ್ವಾರಕಾನಾಥ್ ತಾವೇ ಎಲ್ಲವನ್ನೂ ಹೇಳುತ್ತೇನೆಂದು ಹಟ ಹಿಡಿದು ಬಂದಿದ್ದರು. ರಾಹುವನ್ನು ಇಂಗ್ಲಿಷಿನಲ್ಲಿ ವಿವರಿಸಲು ಅವರು ಬೆವರಿದ್ದನ್ನು ನೋಡಿ ನನ್ನ ಅರ್ಧ ಸಿಟ್ಟು ಇಳಿಯಿತು. ಡಾಕ್ಟರ್ ನಗಲಿಲ್ಲ. ಶುಕ್ರವಾರ ಪ್ರಯಾಣ ಹೊರಡದವರು ತಮ್ಮ ಊರಿನಲ್ಲೂ ಇದ್ದಾರೆ ಎಂದು ಹೇಳಿ ನನ್ನ ಗಂಡನ ಕಡೆ ತಿರುಗಿದರು.

“ಆ ಗಾಜಿನ ಮೇಲೆ ಗಂಟಿನ ಪಕ್ಕ ಆರೋಗ್ಯವಾಗಿರೋ ಜೀವಕೋಶಗಳೂ ಇರಬೇಕಲ್ಲ,” ಎಂದು ಇವರು ಕೇಳಿದರು. “ಅವಕ್ಕೂ ಕೊಂಡಿ ಇರುತ್ತೆ. ಅವಕ್ಕೆ ಬಣ್ಣ ಬಂದಿತ್ತಾ? ಪರೀಕ್ಷೆ ಸರಿಯಾಗಿ ನಡೀತಾ ಅಂತ ಹೇಳೋ ಕಂಟ್ರೋಲ್ ಅದೇ.”

ಡಾಕ್ಟರ್ ಫೋನ್ ಎತ್ತಿ ಲ್ಯಾಬಿನ ಪೆಥಾಲಜಿಸ್ಟ್ ಜೊತೆ ಮಾತಾಡಿದರು. ಆ ಕಡೆಯವರು ಗಾಜನ್ನು ಮತ್ತೆ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುವವರೆಗೆ ನಾವು ಕಾದೆವು. ಲ್ಯಾಬಿನ ಬೇರೆ ಮಾದರಿಗಳಿಗೆಲ್ಲ ಬಣ್ಣ ಸರಿಯಾಗಿಯೇ ಬಂದಿತ್ತಂತೆ. ಆದರೆ ಈ ಗಾಜಿನ ಮೂಲೆಯಲ್ಲಿದ್ದ ಒಂದಿಷ್ಟು ಒಳ್ಳೆಯ ಜೀವಕೋಶಗಳಿಗೂ ಬಣ್ಣ ಹಿಡಿದಿರಲಿಲ್ಲ. ಹಿಡಿಯಲೇಬೇಕಿತ್ತು. ಡಾಕ್ಟರ್ ಫೋನ್ ಇಟ್ಟು, ರಿಪೋರ್ಟಿನ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದರು.

“ಸೂಜಿಯಿಂದ ತೆಗೆದದ್ದು ಇನ್ನೂ ಮೇಣದಲ್ಲಿ ಭದ್ರವಾಗಿದೆ, ಕೊಂಡಿ ಪರೀಕ್ಷೆಯನ್ನು ಅದರ ಮೇಲೆ ಮಾಡಿಸೋಣ,” ಎಂದರು. “ಅದು ನನ್ನ ಕೈಯಿಂದಲೇ ನೇರವಾಗಿ ಫಾರ್ಮಲಿನ್‌ಗೆ ಹೋಗಿತ್ತು.”

“ಗೊತ್ತು. ಲೇಬಲ್ ಓದಿದ್ದೆ,” ಎಂದರು ನನ್ನ ಗಂಡ.

ಆ ವಾರ ನಾನು ಯಾವ ದೇವರನ್ನೂ ಬಿಡಲಿಲ್ಲ. ಊರ ದೇವರು, ಮನೆ ದೇವರು ಎಲ್ಲರಿಗೂ ಹರಕೆ ಹೊತ್ತೆ. ಗಂಡನಿಗೆ ಕ್ಯಾನ್ಸರ್ ಇದೆ ಎಂದು ಗೊತ್ತಿದ್ದೂ, ಅದು ಇಂಥ ಜಾತಿಯದೇ ಆಗಿರಲಿ ಎಂದು ಕೈಮುಗಿದು ಬೇಡುವ ಕಾಲ ಬರುತ್ತದೆ ಎಂದು ಯಾರು ಎಣಿಸಿದ್ದರು? ಇವರು ಮಾತ್ರ ರಾತ್ರಿ ಗೊರಕೆ ಹೊಡೆದು ಮಲಗಿದರು. ತನಿಖೆ ಸರಿಯಾಗಿ ನಡೆದರೆ ಇವರಿಗೆ ಅಷ್ಟೇ ಸಾಕು.

ಕರೆ ಬಂದಾಗ ಡಾಕ್ಟರ್ ಏನನ್ನೂ ಹೇಳದೆ, ಬನ್ನಿ ಎಂದಷ್ಟೇ ಅಂದರು. ಹೋದರೆ ಸೂಕ್ಷ್ಮದರ್ಶಕದ ಮುಂದೆ ನನ್ನನ್ನು ಕೂರಿಸಿದರು. ಮೊದಲು ಹಳೆಯ ಗಾಜು ಇಟ್ಟರು. ಎಲ್ಲ ತಿಳಿನೀಲಿ, ಬೇರೇನೂ ಇಲ್ಲ. ಆಮೇಲೆ ಹೊಸದು. ನೀಲಿಯ ತುಂಬ ಕಂದು ಚುಕ್ಕೆಗಳು, ಮೊರದಲ್ಲಿ ರಾಗಿ ಹರಡಿದ ಹಾಗೆ, ಒತ್ತೊತ್ತಾಗಿ, ಅಂಚಿನಿಂದ ಅಂಚಿಗೆ.

“ಆ ಕಂದು ಚುಕ್ಕೆಗಳೆಲ್ಲ ಕೊಂಡಿ ಇರೋ ಜೀವಕೋಶಗಳು,” ಎಂದರು ಡಾಕ್ಟರ್. “ಹೆಚ್ಚುಕಡಿಮೆ ಎಲ್ಲವೂ. ಗ್ರಂಥಿಗಳಿಗೆ ಹಬ್ಬಿಲ್ಲ, ಕೊಂಡಿ ಗಟ್ಟಿಯಾಗಿದೆ. ಕಿಮೋ ಬೇಡ. ಮಾತ್ರೆ ಸಾಕು.”

ನಾನು ಕಣ್ಣು ತೆಗೆಯದೆ ನೋಡುತ್ತಲೇ ಇದ್ದೆ. ಜೀವಮಾನದಲ್ಲಿ ಅಷ್ಟು ಚೆಂದದ್ದನ್ನು ನೋಡಿಲ್ಲ. ನನ್ನ ಗಂಡ ಪಕ್ಕದಲ್ಲಿ ನಿಂತು, “ಈ ಸಲ ಕಂಟ್ರೋಲ್ ಹೇಗಿದೆ?” ಎಂದು ಕೇಳುತ್ತಿದ್ದರು. ಒಳ್ಳೆಯ ಜೀವಕೋಶಗಳಿಗೂ ಬಣ್ಣ ಬಂದಿದೆ ಎಂದು ಡಾಕ್ಟರ್ ತೋರಿಸಿದ ಮೇಲೆ ಇವರು ಕನ್ನಡಕ ತೆಗೆದು ಒರೆಸಿಕೊಂಡರು. ಬಹಳ ಹೊತ್ತು ಒರೆಸಿದರು. ಅಲ್ಲಿಯವರೆಗೆ ಇವರಿಗೂ ಹೆದರಿಕೆ ಇತ್ತು ಎಂದು ನನಗೆ ಗೊತ್ತಾದದ್ದು ಆಗಲೇ. ನಾನು ಡಾಕ್ಟರನ್ನು ತಬ್ಬಿಕೊಂಡು, “ಅಸಾಂಟೆ, ಅಸಾಂಟೆ,” ಎಂದು ಅತ್ತೆ. ಅವರಿಗೆ ಧನ್ಯವಾದ ಹೇಳಲು ಇಂಗ್ಲಿಷ್ ಸಾಲದೆನಿಸಿತು.

ತಿಂಗಳ ಮೇಲೆ ಜೀನ್ ಪರೀಕ್ಷೆಯ ಉತ್ತರವೂ ಬಂತು. ಹುಡುಕಿದ ಜೀನ್‌ಗಳಲ್ಲಿ ವಂಶದಿಂದ ಬಂದ ದೋಷ ಯಾವುದೂ ಸಿಕ್ಕಿರಲಿಲ್ಲ. ಅದಕ್ಕೂ ಇವರು ಕನ್ನಡಕ ಏರಿಸಿ, ರಕ್ತ ಹೋದ ದಾರಿಯನ್ನು ವಿಚಾರಿಸಲು ಫೋನ್ ಎತ್ತಿಕೊಂಡರು. ಅನಘಾ ಅದನ್ನು ಕೈಯಿಂದ ಕಿತ್ತುಕೊಂಡಳು. “ಅಪ್ಪಾ, ಜಸ್ಟ್ ಟೇಕ್ ದ ವಿನ್,” ಎಂದಳು. ಬಂದ ಗೆಲುವನ್ನು ಸುಮ್ಮನೆ ತಗೊಳ್ಳಿ ಎಂದು. ಮಗಳ ಮಾತಿಗೆ ಇವರು ಒಪ್ಪಿದರಾದರೂ, ಆಮೇಲೆ ನನಗೆ ಕಾಣದಂತೆ ಫೋನ್ ಮಾಡಿ ವಿಚಾರಿಸಿಯೇ ಬಿಟ್ಟರು. ಎಲ್ಲ ಸರಿಯಿತ್ತು.

ಮುಂದಿನ ವರ್ಷದ ಉಪಾಕರ್ಮ ಶನಿವಾರ ಬಂತು. ಅದೇ ತಾರಸಿ, ಅದೇ ಚಳಿ. ಶನಿವಾರದ ರಾಹುಕಾಲ ಬೆಳಗಿನ ಹೊತ್ತಿನಲ್ಲೇ ಬೀಳುವುದರಿಂದ ದ್ವಾರಕಾನಾಥ್ ಎಲ್ಲರನ್ನೂ ಬೇಗ ಎಬ್ಬಿಸಿ ಕರೆಸಿದ್ದರು. ಮೊದಲೇ ಶುರುಮಾಡಿದ್ದು ರಾಹುಕಾಲದಲ್ಲಿ ಮುಂದುವರಿದರೆ ದೋಷವಿಲ್ಲವಂತೆ. ನನ್ನ ಗಂಡ ಎಲ್ಲರಿಗಿಂತ ಮೊದಲು ಬನಿಯನ್ ತೆಗೆದು ಕೂತರು. ಎಡ ಎದೆ ಚಪ್ಪಟೆ, ಮೊಲೆತೊಟ್ಟಿಲ್ಲ, ಕಂಕುಳಿನವರೆಗೆ ಓರೆಯಾದ ಒಂದು ಗಾಯದ ಗೆರೆ. ಜನಿವಾರ ಅದರ ಮೇಲೆಯೇ ಹಾದುಹೋಗಿತ್ತು. ಯಾರೂ ಕಣ್ಣು ತಪ್ಪಿಸಲಿಲ್ಲ, ಇವರೂ ಕೈ ಅಡ್ಡ ಇಡಲಿಲ್ಲ.

ನ್ಯಾಸ ಬಂತು. ಮಂತ್ರ ಹೇಳುತ್ತ ಬೆರಳುಗಳಿಂದ ಎದೆ ಮುಟ್ಟಿಕೊಳ್ಳುವ ಕ್ರಮ ಅದು. ಎಲ್ಲರೂ ಎಂದಿನಂತೆ ನೊಣ ಓಡಿಸುವ ಹಾಗೆ ಮುಟ್ಟಿ ಕೈ ತೆಗೆದರು.

“ಹಾಗಲ್ಲ,” ಎಂದು ಗದರಿದರು ಶಾಸ್ತ್ರಿಗಳು. “ಮೂರು ಬೆರಳು ಸೇರಿಸಿ ಒತ್ತಿ. ಸುತ್ತ ಒತ್ತಿ. ಎರಡೂ ಕಡೆ. ಗಂಟು ಸಿಕ್ಕಿದ್ರೆ ಮುಚ್ಚಿಡಬೇಡಿ. ಬನಿಯನ್ ಒಗೆಯೋಕೆ ಹೋಗಬೇಡಿ.”

ನಗು ಎದ್ದಿತು. ಆದರೆ ಬ್ಯಾಂಕಿನವರೂ ಕಾರ್ಖಾನೆಯವರೂ ಒಬ್ಬರನ್ನೊಬ್ಬರು ನೋಡುತ್ತ, ಒಂದಿಷ್ಟು ನಾಚುತ್ತ, ಒತ್ತಿ ನೋಡಿಕೊಂಡರು. ಅಷ್ಟರಲ್ಲಿ ನನ್ನ ಗಂಡನ ಪಕ್ಕದಲ್ಲಿದ್ದ ಫೋನ್ ಕೂಗಿತು. ಮಾತ್ರೆಯ ಹೊತ್ತಿಗೆಂದು ಅನಘಾ ಇಟ್ಟ ಅಲಾರಂ. ಇವರು ಅವಸರದಲ್ಲಿ ಅದರ ಬಾಯಿ ಮುಚ್ಚಿಸಿದರು.

“ಏನದು?” ಎಂದರು ದ್ವಾರಕಾನಾಥ್.

“ಮಾತ್ರೆ. ಮುಗೀಲಿ, ಆಮೇಲೆ ತಗೋತೀನಿ,” ಎಂದ ನನ್ನ ಗಂಡನ ತುಟಿ ತುಂಟತನದಿಂದ ಕೊಂಕಿತು. “ಈಗ ರಾಹುಕಾಲ ಬೇರೆ.”

ಇಡೀ ತಾರಸಿ ಶಾಸ್ತ್ರಿಗಳ ಕಡೆ ತಿರುಗಿತು. ಆ ಡಬ್ಬಿಯ ಕಥೆ ಎಲ್ಲರಿಗೂ ಗೊತ್ತಿತ್ತು. ಸ್ವತಃ ಶಾಸ್ತ್ರಿಗಳೇ ಎಲ್ಲರಿಗೂ ಹೇಳಿದ್ದರು. ಅವರು ಎದ್ದು ಬಂದು ಇವರ ಎದುರಿಗೆ ಮಂಡಿಯೂರಿ ಕೂತರು. ಪಂಚಪಾತ್ರೆಯಿಂದ ಉದ್ಧರಣೆ ತುಂಬ ನೀರು ತೆಗೆದು ಮುಂದಕ್ಕೆ ಹಿಡಿದರು.

“ಈಗಲೇ ತಗೊಳ್ಳಿ,” ಎಂದರು.

ಚಳಿಯಲ್ಲಿ ಬರಿಮೈಯ ಗಂಡಸರೆಲ್ಲ ಕಾದರು. ಇವರು ಮಾತ್ರೆಯನ್ನು ನಾಲಗೆಯ ಮೇಲಿಟ್ಟು ಅಂಗೈ ಒಡ್ಡಿದರು. ಒಂದು ಉದ್ಧರಣೆ ಸಾಲಲಿಲ್ಲ, ಶಾಸ್ತ್ರಿಗಳು ಇನ್ನೊಂದು ಹಾಕಿದರು. ಮಾತ್ರೆ ಒಳಗಿಳಿದದ್ದನ್ನು ಕಣ್ಣಾರೆ ಕಂಡ ಮೇಲೆಯೇ ತಮ್ಮ ಮಣೆಗೆ ಹಿಂತಿರುಗಿ, ನಿಲ್ಲಿಸಿದ ಕಡೆಯಿಂದ ಮಂತ್ರ ಎತ್ತಿಕೊಂಡರು. ನಾನು ಶಾಲು ಸರಿಮಾಡಿಕೊಂಡು, ಕೈಯಲ್ಲಿದ್ದ ಕಾಫಿಯನ್ನು ಕೊನೆಯ ಗುಟುಕಿನವರೆಗೂ ಕುಡಿದೆ.